ಬಹಿಷ್ಕಾರ ಹಾಕಿದವರು ಯಾರು, ಹಾಡು ಕೇಳುತ್ತಿದ್ದವರು ಯಾರು?

2023ರ ಜುಲೈ 14ರಂದು ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ಕಂಟ್ರಿ ಸಂಗೀತದ ಗಾಯಕ ಜೇಸನ್ ಆಲ್ಡೀನ್ ಒಂದು ವಿಡಿಯೊ ಬಿಡುಗಡೆ ಮಾಡಿದರು. ಮೂರೇ ದಿನಕ್ಕೆ, 17ರ ಸೋಮವಾರ, ಕಂಟ್ರಿ ಸಂಗೀತಕ್ಕೆ ಹೆಸರಾದ ಸಿಎಂಟಿ ವಾಹಿನಿ ಅದನ್ನು ಪ್ರಸಾರದಿಂದ ತೆಗೆದುಹಾಕಿತು. ಜಾಲತಾಣಗಳ ತುಂಬ ಆಲ್ಡೀನ್ ಅವರ ಮೇಲೆ ಬೆಂಕಿ. ಆದರೆ ಆ ವಾರದ ಲೆಕ್ಕ ಹೊರಬಿದ್ದಾಗ ಹಾಡು ಬಿಲ್‌ಬೋರ್ಡ್ ಹಾಟ್ 100 ಎಂಬ, ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯ ಎರಡನೇ ಸ್ಥಾನಕ್ಕೆ ನೇರವಾಗಿ ಬಂದು ಕೂತಿತ್ತು, ಅದರ ಮರುವಾರ ಮೊದಲ ಸ್ಥಾನಕ್ಕೇರಿತು. ಆತನ ವೃತ್ತಿಯಲ್ಲೇ ಈ ಪಟ್ಟಿಯಲ್ಲಿ ಸಿಕ್ಕ ಮೊದಲ ನಂಬರ್ ಒನ್ ಅದು.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಬೈದಷ್ಟೂ ಬೆಳೆಯುತ್ತದೆ, ಬಹಿಷ್ಕಾರ ಅಂದರೆ ಪುಕ್ಕಟೆ ಪ್ರಚಾರ. ಎಫ್‌ಎಂ ರೇಡಿಯೊಗೆ ಹಾಡಿನ ಪಟ್ಟಿ ಕಟ್ಟುತ್ತ ಬಂದಿರುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅದೇ ನಿಜವಾಗಿದ್ದರೆ 2003ರಲ್ಲಿ ಡಿಕ್ಸಿ ಚಿಕ್ಸ್ ತಂಡವೂ ಗೆಲ್ಲಬೇಕಿತ್ತು. ಅದೇ ದೇಶ, ಅದೇ ಸಂಗೀತ, ಹೆಚ್ಚುಕಡಿಮೆ ಅದೇ ರೇಡಿಯೊ ಸ್ಟೇಷನ್‌ಗಳು. ಆದರೂ ಆ ಮೂವರು ಹೆಣ್ಣುಮಕ್ಕಳು ಕಂಟ್ರಿ ರೇಡಿಯೊದಿಂದ ಹೊರಬಿದ್ದವರು ಮತ್ತೆ ಮೊದಲಿನ ಜಾಗಕ್ಕೆ ಮರಳಲೇ ಇಲ್ಲ.

ಮೊದಲು ಆಲ್ಡೀನ್ ಹಾಡನ್ನೇ ನೋಡೋಣ. 'ಟ್ರೈ ದಟ್ ಇನ್ ಎ ಸ್ಮಾಲ್ ಟೌನ್' ಎಂಬುದು ಅದರ ಹೆಸರು. ಬರೆದವರು ನಾಲ್ಕು ಜನ, ಆ ನಾಲ್ವರಲ್ಲಿ ಆಲ್ಡೀನ್ ಇಲ್ಲ. ನಗರಗಳಲ್ಲಿ ನಡೆಯುವ ದರೋಡೆ, ಪೊಲೀಸರಿಗೆ ಉಗಿಯುವುದು, ಧ್ವಜ ತುಳಿಯುವುದು ಇವನ್ನೆಲ್ಲ ಎಣಿಸಿ, ಇದನ್ನೇ ನಮ್ಮ ಸಣ್ಣ ಊರಲ್ಲಿ ಮಾಡಿ ನೋಡಿ ಎಂದು ಸವಾಲು ಹಾಕುತ್ತದೆ. ತಾತ ಕೊಟ್ಟ ಬಂದೂಕಿನ ಪ್ರಸ್ತಾಪವೂ ಇದೆ. ಹಾಡು ಬಂದದ್ದು ಮೇ 19ರಂದು. ಎಂಟು ವಾರ ಅದರ ಪಾಡಿಗೆ ಅದು ಕಂಟ್ರಿ ಸ್ಟೇಷನ್‌ಗಳಲ್ಲಿ ಓಡುತ್ತಿತ್ತು, ದೊಡ್ಡ ಗಲಾಟೆಯೇನೂ ಇರಲಿಲ್ಲ. ಗಲಾಟೆ ಎದ್ದದ್ದು ವಿಡಿಯೊದಿಂದ.

ವಿಡಿಯೊದಲ್ಲಿ ಆಲ್ಡೀನ್ ನಿಂತು ಹಾಡಿದ್ದು ಟೆನೆಸಿಯ ಕೊಲಂಬಿಯಾ ಊರಿನ ಮೌರಿ ಕೌಂಟಿ ನ್ಯಾಯಾಲಯದ ಮುಂದೆ. 1927ರಲ್ಲಿ ಹೆನ್ರಿ ಚೋಟ್ ಎಂಬ 18 ವರ್ಷದ ಕಪ್ಪು ಯುವಕನನ್ನು ಜೈಲಿನಿಂದ ಎಳೆದುತಂದು ಗುಂಪೊಂದು ನೇಣು ಹಾಕಿದ್ದು ಇದೇ ಕಟ್ಟಡದಲ್ಲಿ. 1946ರಲ್ಲಿ ಇದೇ ಊರಲ್ಲಿ ಜನಾಂಗೀಯ ಗಲಭೆ ನಡೆದಾಗ ಕಪ್ಪು ಜನರ ಪರ ವಾದಿಸಲು ಬಂದ ತರ್ಗುಡ್ ಮಾರ್ಷಲ್ ತಾವೇ ಗುಂಪಿನ ಕೈಗೆ ಸಿಕ್ಕು ಸಾಯುವುದರಿಂದ ಕೂದಲೆಳೆಯಲ್ಲಿ ಪಾರಾಗಿದ್ದರು. ಮುಂದೆ ಅವರು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಇಂಥ ಗೋಡೆಯ ಮೇಲೆ ಪ್ರತಿಭಟನೆಗಳ ದೃಶ್ಯ ಹಾಯಿಸಿ 'ನಮ್ಮೂರಲ್ಲಿ ಮಾಡಿ ನೋಡಿ' ಎಂದರೆ ಅದು ಯಾರಿಗೆ ಹೇಗೆ ಕೇಳಿಸುತ್ತದೆ? ಸಾಹಿತ್ಯದಲ್ಲಿ ಒಂದು ಸಾಲೂ ಜನಾಂಗದ ಬಗ್ಗೆ ಇಲ್ಲ ಎಂದು ಆಲ್ಡೀನ್ ಹೇಳಿದರು. ಆ ಕಟ್ಟಡದಲ್ಲಿ ಎಷ್ಟೋ ಚಿತ್ರೀಕರಣ ನಡೆದಿದೆ ಎಂದು ವಿಡಿಯೊ ನಿರ್ಮಿಸಿದವರು ಹೇಳಿದರು. ಎರಡೂ ಇರಬಹುದು. ಆದರೆ ಬೇರೆ ಚಿತ್ರೀಕರಣಗಳಲ್ಲಿ ಆ ಕಟ್ಟಡದ ಮುಂದೆ ನಿಂತು ಯಾರೂ ಯಾರಿಗೂ ಎಚ್ಚರಿಕೆ ಕೊಟ್ಟಿರಲಿಲ್ಲವಲ್ಲ. ಆಕ್ಷೇಪಕ್ಕೆ ಕಾರಣ ಇತ್ತು ಎಂದೇ ನನ್ನ ಅಭಿಪ್ರಾಯ.

ಆದರೆ ಆಕ್ಷೇಪ ಸರಿಯೋ ತಪ್ಪೋ ಎಂಬುದಕ್ಕೂ, ಬಹಿಷ್ಕಾರ ನಾಟುತ್ತದೋ ಇಲ್ಲವೋ ಎಂಬುದಕ್ಕೂ ಸಂಬಂಧ ಕಡಿಮೆ. ನಾವು ಇಂಥ ಹೊತ್ತಲ್ಲಿ ಮೊದಲು ನೋಡುವುದು ಅಂಕಿಯ ಒಳಗಿನ ಅಂಕಿಯನ್ನು. ಹಾಟ್ 100 ಪಟ್ಟಿ ಮೂರು ಲೆಕ್ಕ ಕೂಡಿಸಿ ತಯಾರಾಗುತ್ತದೆ: ಸ್ಟ್ರೀಮಿಂಗ್, ರೇಡಿಯೊ ಪ್ರಸಾರ, ಮಾರಾಟ. ಗಲಾಟೆಯ ಮೊದಲ ವಾರ ಆಲ್ಡೀನ್ ಹಾಡನ್ನು ಜನ ಸುಮಾರು 1.17 ಕೋಟಿ ಸಲ ಸ್ಟ್ರೀಮ್ ಮಾಡಿದರು. ಆ ಪಟ್ಟಿಯ ಮೇಲ್ತುದಿಗೆ ಅದು ದೊಡ್ಡ ಸಂಖ್ಯೆಯಲ್ಲ. ಆದರೆ 2,28,000 ಡೌನ್‌ಲೋಡ್‌ಗಳು ಮಾರಾಟವಾಗಿದ್ದವು. ಎರಡನೇ ವಾರ ಸ್ಟ್ರೀಮ್ 3.07 ಕೋಟಿಗೆ ಏರಿತು, ಡೌನ್‌ಲೋಡ್ 1,75,000.

2023ರಲ್ಲಿ ಹಾಡನ್ನು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡುವವರು ಯಾರು? ಕೇಳಬೇಕೆಂಬ ಆಸೆಗೆ ಅದರ ಅಗತ್ಯವೇ ಇಲ್ಲ, ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಮದುವೆಮನೆಯಲ್ಲಿ ಮುಯ್ಯಿ ಬರೆಸಿದ ಹಾಗೆ: ನಾನು ನಿಮ್ಮ ಕಡೆಯವನು, ನನ್ನ ಹೆಸರೂ ಇರಲಿ. ಪಟ್ಟಿಯ ಲೆಕ್ಕದಲ್ಲಿ ಒಂದು ಡೌನ್‌ಲೋಡ್‌ಗೆ ಒಂದು ಸ್ಟ್ರೀಮ್‌ಗಿಂತ ಎಷ್ಟೋ ಪಾಲು ಹೆಚ್ಚು ತೂಕ ಇರುವುದರಿಂದ, ಸಿಟ್ಟಿಗೆದ್ದ ಎರಡು ಲಕ್ಷ ಜನ ಸೇರಿದರೆ ಹಾಡನ್ನು ಎತ್ತಿ ಮೇಲಿಡಬಹುದು. ಹಾಗೆಯೇ ಆಯಿತು. ಮೂರನೇ ವಾರ ಹಾಡು ಮೊದಲ ಸ್ಥಾನದಿಂದ 21ಕ್ಕೆ ಬಿತ್ತು. ಅದನ್ನು ಗೆಲುವೆಂದು ಮೆರೆಸಿದವರು ಈ ಮೂರನೇ ವಾರದ ಮಾತೆತ್ತುವುದಿಲ್ಲ.

(ಆ ಹಾಡು ಮೊದಲ ಸ್ಥಾನದಲ್ಲಿದ್ದ ವಾರ ಇನ್ನೊಂದು ಸಂಗತಿ ನಡೆಯಿತು. ಹಾಟ್ 100ರ ಇತಿಹಾಸದಲ್ಲಿ ಮೊದಲ ಬಾರಿ ಮೇಲಿನ ಮೂರೂ ಹಾಡುಗಳು ಕಂಟ್ರಿ ಆಗಿದ್ದವು. ಎರಡನೆಯದು ಮೋರ್ಗನ್ ವಾಲೆನ್ ಅವರದು, ಮೂರನೆಯದು ಲ್ಯೂಕ್ ಕೋಂಬ್ಸ್ ಹಾಡಿದ 'ಫಾಸ್ಟ್ ಕಾರ್'. ಅದನ್ನು ಬರೆದವರು ಟ್ರೇಸಿ ಚಾಪ್‌ಮನ್ ಎಂಬ ಕಪ್ಪು ಮಹಿಳೆ. ಆ ನವೆಂಬರ್‌ನಲ್ಲಿ ಅವರಿಗೇ ಕಂಟ್ರಿ ಸಂಗೀತದ ಸಂಘಟನೆ ಸಿಎಂಎಯ ವರ್ಷದ ಹಾಡಿನ ಪ್ರಶಸ್ತಿ ಬಂತು. ಕಂಟ್ರಿ ಕೇಳುಗ ಇಂಥವನು ಎಂದು ಒಂದೇ ಏಟಿಗೆ ಹೇಳಿಬಿಡುವವರು ಆ ವಾರದ ಪಟ್ಟಿಯನ್ನು ಒಮ್ಮೆ ನೋಡಬೇಕು.)

ಈಗ 2003ಕ್ಕೆ ಹೋಗೋಣ. ಮಾರ್ಚ್ 10ರಂದು ಲಂಡನ್ನಿನ ಶೆಫರ್ಡ್ಸ್ ಬುಷ್ ಎಂಪೈರ್‌ನಲ್ಲಿ ಡಿಕ್ಸಿ ಚಿಕ್ಸ್ ಕಾರ್ಯಕ್ರಮ. ಇರಾಕ್ ಯುದ್ಧಕ್ಕೆ ಇನ್ನು ಹತ್ತು ದಿನವೂ ಇಲ್ಲ. ಗಾಯಕಿ ನಟಾಲಿ ಮೇನ್ಸ್, ತಮಗೆ ಈ ಯುದ್ಧ ಬೇಡವೆಂದೂ, ಅಧ್ಯಕ್ಷ ಜಾರ್ಜ್ ಬುಷ್ ತಮ್ಮ ಟೆಕ್ಸಾಸ್‌ನವರೆಂಬುದಕ್ಕೆ ನಾಚಿಕೆಯಾಗುತ್ತದೆಂದೂ ವೇದಿಕೆಯ ಮೇಲೆ ಹೇಳಿದರು. ಅಲ್ಲಿ ತಕರಾರಿಗೆ ಗುರಿಯಾದದ್ದು ಹಾಡಲ್ಲ, ಹಾಡುಗಳ ನಡುವಿನ ಒಂದು ಮಾತು. ವಿಪರ್ಯಾಸ ನೋಡಿ, ಆ ಹೊತ್ತಿಗೆ ಕಂಟ್ರಿ ಪಟ್ಟಿಯ ನೆತ್ತಿಯಲ್ಲಿದ್ದ ಅವರ ಹಾಡು ವಿಯೆಟ್ನಾಂಗೆ ಹೋಗಿ ಮರಳದ ಯುವ ಸೈನಿಕನೊಬ್ಬನ ಕಥೆ. ಅದು ಕೆಲವೇ ವಾರದಲ್ಲಿ ಪಟ್ಟಿಯಿಂದ ಮಾಯವಾಯಿತು. ಹಾಟ್ 100ರಲ್ಲಿ 10ನೇ ಸ್ಥಾನದಲ್ಲಿದ್ದ ಇನ್ನೊಂದು ಹಾಡು ಒಂದೇ ವಾರಕ್ಕೆ 43ಕ್ಕೆ ಕುಸಿಯಿತು. ಲೂಸಿಯಾನದ ಬೋಸಿಯರ್ ಸಿಟಿಯಲ್ಲಿ ಜನ ಅವರ ಸಿಡಿಗಳನ್ನು ರಾಶಿ ಹಾಕಿ ಟ್ರ್ಯಾಕ್ಟರ್ ಹತ್ತಿಸಿದರು. ಕ್ಯುಮುಲಸ್ ಕಂಪನಿ ತನ್ನ 42 ಕಂಟ್ರಿ ಸ್ಟೇಷನ್‌ಗಳಲ್ಲಿ ಒಂದು ತಿಂಗಳು ಅವರ ಹಾಡು ನಿಲ್ಲಿಸಿತು. ಮೇ ತಿಂಗಳಲ್ಲಿ ಕೊಲೊರಾಡೊದ ಸ್ಟೇಷನ್ ಒಂದರಲ್ಲಿ ಹಟಕ್ಕೆ ಬಿದ್ದು ಅವರ ಹಾಡು ಹಾಕಿದ ಇಬ್ಬರು ನಿರೂಪಕರ ಅಮಾನತೂ ಆಯಿತು.

ಇದಕ್ಕೆಲ್ಲ ದೊಡ್ಡ ಕಂಪನಿಗಳ ಒಳಸಂಚೇ ಕಾರಣ ಎಂದು ಆಗ ಬಹಳ ಜನ ನಂಬಿದ್ದರು. 1996ರ ಕಾಯ್ದೆ ಒಬ್ಬನೇ ಎಷ್ಟು ಸ್ಟೇಷನ್ ಇಟ್ಟುಕೊಳ್ಳಬಹುದು ಎಂಬ ರಾಷ್ಟ್ರಮಟ್ಟದ ಮಿತಿಯನ್ನು ತೆಗೆದುಹಾಕಿದ ಮೇಲೆ ಕ್ಲಿಯರ್ ಚಾನೆಲ್ ಒಂದರ ಕೈಯಲ್ಲೇ 1,200ಕ್ಕೂ ಹೆಚ್ಚು ಸ್ಟೇಷನ್‌ಗಳಿದ್ದವು. ಅನುಮಾನ ಸಹಜ. ಸೆನೆಟ್ ಸಮಿತಿ ಆ ಜುಲೈಯಲ್ಲಿ ಕ್ಯುಮುಲಸ್ ಮುಖ್ಯಸ್ಥರನ್ನು ಕರೆಸಿ ಪ್ರಶ್ನೆಯನ್ನೂ ಮಾಡಿತು. ಆದರೆ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ರಾಸ್‌ಮನ್ ಪ್ರಸಾರದ ದಾಖಲೆ ತೆಗೆದು ನೋಡಿದಾಗ ಕಂಡದ್ದು ಬೇರೆ: ದೊಡ್ಡ ಸರಪಳಿಗಳೇ ಮುಂದೆ ನಿಂತು ಹಾಡು ಕಿತ್ತುಹಾಕಿದ್ದವು ಎನ್ನಲು ಆಧಾರ ಸಿಗಲಿಲ್ಲ. ಒತ್ತಡ ಬಂದದ್ದು ಬಹುಮಟ್ಟಿಗೆ ಕೆಳಗಿನಿಂದ, ಊರೂರಿನ ಕೇಳುಗರಿಂದ.

ರೇಡಿಯೊದಲ್ಲಿ ಕೆಲಸ ಮಾಡಿದವರಿಗೆ ಇದು ಆಶ್ಚರ್ಯವಲ್ಲ. ಪ್ರತಿ ಸ್ಟೇಷನ್‌ಗೂ 'ಪಿ-1' ಎನ್ನುವ ಕೇಳುಗರಿರುತ್ತಾರೆ: ಬೆಳಿಗ್ಗೆ ಎದ್ದು ಮೊದಲು ನಮ್ಮನ್ನೇ ಹಚ್ಚುವವರು, ಬೇರೆಲ್ಲರಿಗಿಂತ ಹೆಚ್ಚು ಹೊತ್ತು ನಮ್ಮ ಜೊತೆ ಇರುವವರು. ಜಾಹೀರಾತಿನ ದರ ನಿಲ್ಲುವುದು ಇವರ ಮೇಲೆ. ಅದರಲ್ಲೂ 2003ರಲ್ಲಿ ಅಮೆರಿಕದಲ್ಲಿ ಕೇಳುಗರ ಲೆಕ್ಕ ತೆಗೆಯುತ್ತಿದ್ದದ್ದು ಡೈರಿಯಿಂದ. ಮನೆಗೆ ಒಂದು ಪುಸ್ತಕ ಕಳಿಸುತ್ತಿದ್ದರು. ಯಾವ ಸ್ಟೇಷನ್ ಕೇಳಿದೆ ಎಂದು ಕೇಳುಗರೇ ನೆನಪಿನಿಂದ ಬರೆಯಬೇಕು. ಹೆಸರಿನ ಮೇಲೆ ಸಿಟ್ಟಾದವನು ಒಂದು ಗಂಟೆ ಕೇಳಿದ್ದರೂ ಬರೆಯದೇ ಬಿಡಬಹುದು. ಹಾಗಾಗಿ ಫೋನು ಬಡಿದುಕೊಳ್ಳಲು ಶುರುವಾದರೆ ಕಾರ್ಯಕ್ರಮ ಮುಖ್ಯಸ್ಥನಿಗೆ ಧೈರ್ಯ ಉಳಿಯುವುದಿಲ್ಲ. ಹಾಕದ ಹಾಡಿನಿಂದ ನಷ್ಟವಿಲ್ಲ, ಹಾಕಿದ ಹಾಡಿನಿಂದಲೇ ನಷ್ಟ ಎಂಬುದು ನಮ್ಮ ಕಸುಬಿನ ಹಳೆಯ ಲೆಕ್ಕ. ಇವತ್ತು ಯಾವ ಹಾಡು ಬರಲಿಲ್ಲ ಎಂದು ಯಾರೂ ಗಮನಿಸುವುದಿಲ್ಲ. ಬೇಡದ್ದು ಬಂದರೆ ಕೈ ತಕ್ಷಣ ಬಟನ್ ಮೇಲೆ ಹೋಗುತ್ತದೆ.

ಡಿಕ್ಸಿ ಚಿಕ್ಸ್ ಮೇಲೆ ಸಿಟ್ಟಾದವರು ಅವರ ಸಿಡಿ ಕೊಂಡಿದ್ದವರೇ. ಟ್ರ್ಯಾಕ್ಟರ್ ಹತ್ತಿಸಲು ಮನೆಯಲ್ಲಿ ಸಿಡಿ ಇರಬೇಕಲ್ಲ! ಆಲ್ಡೀನ್ ಮೇಲೆ ಸಿಟ್ಟಾದವರಲ್ಲಿ ಬಹುಪಾಲು ಜನ ಅದಕ್ಕೂ ಮೊದಲು ಆತನ ಹಾಡಿಗೆ ಒಂದು ಡಾಲರ್ ಖರ್ಚು ಮಾಡಿದವರಲ್ಲ. ಕೊಡದೇ ಇದ್ದದ್ದನ್ನು ನಿಲ್ಲಿಸುವುದು ಹೇಗೆ? ಅವರ ಬಹಿಷ್ಕಾರದಿಂದ ಕಳೆದದ್ದು ಸೊನ್ನೆ. ಅದರ ಎದುರು ಸೆಟೆದು ನಿಂತ ಆತನ ಅಭಿಮಾನಿಗಳಿಂದ ಕೂಡಿದ್ದು ಲಕ್ಷಗಟ್ಟಲೆ. ಅದೇ 2023ರ ಏಪ್ರಿಲ್‌ನಲ್ಲಿ ಬಡ್ ಲೈಟ್ ಬಿಯರ್ ಮೇಲೆ ಬಹಿಷ್ಕಾರ ಎದ್ದಾಗ ಅದನ್ನು ಕುಡಿಯುತ್ತಿದ್ದವರೇ ಕೈಬಿಟ್ಟರು. ಪಕ್ಕದ ಶೆಲ್ಫ್‌ನಲ್ಲಿ ಅದೇ ಬೆಲೆಯ ಇನ್ನೊಂದು ಬಾಟಲಿ ಇತ್ತು. ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಬಿಯರ್ ಎಂಬ ಪಟ್ಟ ಒಂದೆರಡು ತಿಂಗಳಲ್ಲಿ ಮೊಡೆಲೊ ಪಾಲಾಯಿತು.

ಇನ್ನೊಂದು ವಿಷಯ ಬಾಗಿಲಿನದು. 2003ರಲ್ಲಿ ಹೊಸ ಹಾಡು ಕೇಳುಗನ ಮನೆ ತಲುಪಲು ರೇಡಿಯೊ ಬಿಟ್ಟರೆ ದಾರಿ ಬಹಳ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಮೋರ್ಗನ್ ವಾಲೆನ್ ಜನಾಂಗೀಯ ಬೈಗುಳ ಬಳಸಿದ ವಿಡಿಯೊ ಹೊರಬಂದಾಗ ದೊಡ್ಡ ರೇಡಿಯೊ ಸಮೂಹಗಳೆಲ್ಲ ಒಟ್ಟಿಗೆ ಆತನ ಹಾಡು ನಿಲ್ಲಿಸಿದವು. ಸ್ವಂತ ರೆಕಾರ್ಡ್ ಕಂಪನಿಯೇ ಅಮಾನತು ಮಾಡಿತು. ಚಿಕ್ಸ್ ತಂಡದ ಮೇಲೆ ಬಿದ್ದದ್ದಕ್ಕಿಂತ ಇದು ಹೆಚ್ಚು ಒಗ್ಗಟ್ಟಿನ ಏಟು. ಆದರೂ ಆತನ ಆಲ್ಬಂ ಬಿಡುಗಡೆಯಾದಂದಿನಿಂದ ಹತ್ತು ವಾರ ಒಂದೇ ಸಮ ಮೊದಲ ಸ್ಥಾನದಲ್ಲಿತ್ತು. ಕೇಳುಗ ಬಿಟ್ಟಿರಲಿಲ್ಲ, ಕೇಳುಗನಿಗೆ ಈಗ ರೇಡಿಯೊ ಬೇಕೂ ಇರಲಿಲ್ಲ. ಕೆಲವು ತಿಂಗಳಲ್ಲೇ ಸ್ಟೇಷನ್‌ಗಳು ಒಂದೊಂದಾಗಿ ಆತನನ್ನು ವಾಪಸ್ ಕರೆದವು. ನಮ್ಮ ಕಸುಬಿನವನಾಗಿ ಹೇಳಲು ಸ್ವಲ್ಪ ಮುಜುಗರ, ಆದರೆ ಅಲ್ಲಿ ದಂಡ ತೆತ್ತದ್ದು ವಾಲೆನ್‌ಗಿಂತ ರೇಡಿಯೊ.

ಬಾಗಿಲು ಮುಚ್ಚಿದ್ದರೂ ಕೇಳುಗರು ಗಟ್ಟಿಯಾಗಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಲೊರೆಟ್ಟಾ ಲಿನ್ ಅವರ 'ದ ಪಿಲ್' ಹಾಡಿನಷ್ಟು ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಗರ್ಭನಿರೋಧಕ ಮಾತ್ರೆ ಬಂದ ಮೇಲೆ ಹೆತ್ತೂ ಹೆತ್ತೂ ಸಾಕಾದ ಹೆಂಡತಿಯೊಬ್ಬಳು ಗಂಡನಿಗೆ ಇನ್ನು ನಿನ್ನ ಆಟ ನಡೆಯದು ಎನ್ನುವ ತಮಾಷೆಯ ಹಾಡು. 1972ರಲ್ಲೇ ಧ್ವನಿಮುದ್ರಣವಾಗಿದ್ದರೂ ಹೊರಬಂದದ್ದು 1975ರಲ್ಲಿ. ಅನೇಕ ಕಂಟ್ರಿ ಸ್ಟೇಷನ್‌ಗಳು ಹಾಕಲು ಒಪ್ಪಲಿಲ್ಲ, ಪಾದ್ರಿಗಳು ಬೈದರು. ಲಿನ್ ಕೆಂಟಕಿಯ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಇಪ್ಪತ್ತು ತುಂಬುವಷ್ಟರಲ್ಲಿ ನಾಲ್ಕು ಮಕ್ಕಳ ತಾಯಿ. ಅವರ ಹಾಡು ಕೊಳ್ಳುತ್ತಿದ್ದವರಲ್ಲಿ ಅಂಥದ್ದೇ ಬದುಕಿನ ಹೆಂಗಸರು ಬಹಳ. ಸ್ಟೇಷನ್‌ಗಳಲ್ಲಿ ಬೇಡ ಎಂದವರು ಹೆಚ್ಚಾಗಿ ಗಂಡಸರು. ಹಾಡು ಕಂಟ್ರಿ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಹೋಯಿತು, ಹಾಟ್ 100ರಲ್ಲಿ 70ಕ್ಕೆ; ಈ ಎರಡನೆಯ ಪಟ್ಟಿಯಲ್ಲಿ ಅವರು ಒಬ್ಬರೇ ಹಾಡಿದ ಬೇರಾವ ಹಾಡೂ ಅಷ್ಟು ಮೇಲೇರಿರಲಿಲ್ಲ. ಸ್ಟೇಷನ್‌ಗಳು ಅಡ್ಡಗಾಲು ಹಾಕದಿದ್ದರೆ ಕಂಟ್ರಿ ಪಟ್ಟಿಯಲ್ಲೂ ಮೊದಲ ಸ್ಥಾನ ಸಿಗುತ್ತಿತ್ತೇನೋ ಎಂಬುದು ನನ್ನ ಊಹೆ.

ಮತ್ತೆ ಸಿಎಂಟಿ ವಿಷಯ. ಅವರು ವಿಡಿಯೊ ತೆಗೆದದ್ದನ್ನು ಒಪ್ಪಿಕೊಂಡರು, ಕಾರಣ ಹೇಳಲಿಲ್ಲ. ನನ್ನ ಪ್ರಕಾರ ಕೆಟ್ಟದ್ದಾದದ್ದು ಅಲ್ಲೇ. ಇಂಥ ಜಾಗದಲ್ಲಿ ಇಂಥದ್ದು ನಡೆದಿತ್ತು, ಅದಕ್ಕಾಗಿ ಹಾಕುವುದಿಲ್ಲ ಎಂದು ಎರಡು ಸಾಲು ಹೇಳಿದ್ದರೆ ಮಾತು ಹೆನ್ರಿ ಚೋಟ್ ಬಗ್ಗೆ ನಡೆಯುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರಿಂದ ಮಾತೆಲ್ಲ ಆಲ್ಡೀನ್ ಬಗ್ಗೆ, ಆತನ ಬಾಯಿ ಮುಚ್ಚಿಸಿದವರ ಬಗ್ಗೆ ನಡೆಯಿತು. ಕೆಲವು ದಿನದ ನಂತರ ವಿಡಿಯೊದಿಂದ ಪ್ರತಿಭಟನೆಯ ಕೆಲ ದೃಶ್ಯಗಳು ಸದ್ದಿಲ್ಲದೆ ಮಾಯವಾದಾಗ ಅದನ್ನು ಗಮನಿಸಿದವರು ಕಡಿಮೆ. ಅಷ್ಟರಲ್ಲಿ ಡೌನ್‌ಲೋಡ್ ಬಹುಪಾಲು ಮುಗಿದಿತ್ತು.

ಕೊನೆಯದಾಗಿ, ಎಲ್ಲ ಗಲಾಟೆಯೂ ಗಲಾಟೆಯಲ್ಲ. 2015ರಲ್ಲಿ ಲಿಟ್ಲ್ ಬಿಗ್ ಟೌನ್ ತಂಡದ 'ಗರ್ಲ್ ಕ್ರಷ್' ಹಾಡನ್ನು ಸಲಿಂಗಪ್ರೇಮದ ಹಾಡೆಂದು ತಪ್ಪು ತಿಳಿದು ಕೇಳುಗರು ಸ್ಟೇಷನ್‌ಗಳಿಗೆ ದೂರು ಕೊಡುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ನಿಜವಾಗಿ ಅದು ತನ್ನ ಹಳೆಯ ಪ್ರಿಯಕರನ ಹೊಸ ಗೆಳತಿಯ ಮೇಲೆ ಹೊಟ್ಟೆಕಿಚ್ಚು ಪಡುವವಳ ಹಾಡು. ದೂರುಗಳು ಒಂದಿಷ್ಟು ಇದ್ದವು, ಆದರೆ ಅವುಗಳ ಬಗೆಗಿನ ಲೇಖನಗಳು ದೂರುಗಳನ್ನೂ ಮೀರಿಸಿದ್ದವು. ಇಲ್ಲದ ಬಹಿಷ್ಕಾರದ ವಿರುದ್ಧ ಜನ ಹಾಡು ಕೊಂಡರು. ಮಾರಾಟವೂ ಸೇರುವ ಹಾಟ್ ಕಂಟ್ರಿ ಪಟ್ಟಿಯಲ್ಲಿ ಅದು 13 ವಾರ ಮೊದಲ ಸ್ಥಾನದಲ್ಲಿತ್ತು. ರೇಡಿಯೊ ಪ್ರಸಾರವನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಮೂರಕ್ಕಿಂತ ಮೇಲೆ ಹೋಗಲಿಲ್ಲ.