ಬಿಯರ್ ಪಾತ್ರೆ ಕಪ್ಪಗಿರಲಿ ಬಿಡಿ

ಸಿಲ್ವರ್ ಪಾತ್ರೆಯಲ್ಲಿ, ಅಂದರೆ ಅಲ್ಯೂಮಿನಿಯಂ ಪಾತ್ರೆಯಲ್ಲಿ, ದಿನಾ ನೀರು ಕಾಯಿಸಿದರೆ ನೀರು ನಿಲ್ಲುವ ಮಟ್ಟದವರೆಗೆ ಒಳಗೋಡೆ ಕಪ್ಪಿಡುತ್ತದೆ. ಅದರಲ್ಲೇ ಹುಣಸೆಹುಳಿ ಹಾಕಿ ಸಾರು ಕುದಿಸಿ, ಪಾತ್ರೆ ಮತ್ತೆ ಫಳಫಳ. ಕಪ್ಪು ಹೋದದ್ದೆಲ್ಲಿಗೆ? ಸಾರಿಗೆ.

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಈ ಕಪ್ಪನ್ನು ಬೇಕೆಂದೇ ಬರಿಸುತ್ತಾರೆ. ಅಲ್ಲಿ 1978ರ ಕಾನೂನು ಮನೆಯಲ್ಲಿ ಬಿಯರ್ ಮಾಡುವುದಕ್ಕೆ ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡುವಂತಿಲ್ಲ. 19 ಲೀಟರ್ ಬಿಯರಿಗೆ ಸುಮಾರು 25 ಲೀಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸ ಕುದಿಸಬೇಕು. ಅದು ಉಕ್ಕುವ ಜಾತಿ, ಹಾಗಾಗಿ 35 ಲೀಟರಿನ ಪಾತ್ರೆ ಬೇಕು. ಅಲ್ಯೂಮಿನಿಯಂ ಅಗ್ಗ, ಹಗುರ. ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಹರಡುವುದರಿಂದ ರಸ ತಳ ಹಿಡಿಯುವುದೂ ಕಡಿಮೆ.

ಹೊಸ ಪಾತ್ರೆಯಲ್ಲಿ ಕಾರ್ಖಾನೆಯ ಎಣ್ಣೆ ಜಿಡ್ಡಿರುತ್ತದೆ. ಪಾತ್ರೆ ಸೋಪು, ಮೆತ್ತನೆಯ ಸ್ಪಂಜಿನಿಂದ ತೊಳೆದು, ರಸ ಬರುವ ಮಟ್ಟಕ್ಕಿಂತ ಮೇಲಕ್ಕೆ ನೀರು ತುಂಬಿ, ಅರ್ಧದಿಂದ ಒಂದು ಗಂಟೆ ಕುದಿಸಿ ಚೆಲ್ಲಿ. ಒಳಗೆ ಮಂಕು ಬೂದುಬಣ್ಣ ಕೂತಿದ್ದರೆ ಕೆಲಸ ಆಯಿತು.

ಆ ಬೂದು-ಕಪ್ಪು ಪದರವೇ ಅಲ್ಯೂಮಿನಿಯಂ ಆಕ್ಸೈಡ್, ಲೋಹ ರಸಕ್ಕೆ ಇಳಿಯದಂತೆ ಕಾಯುವ ಹೊದಿಕೆ. ಗಾಳಿ ತಾಗಿದ ಕ್ಷಣವೇ ಇದು ಹುಟ್ಟುತ್ತದೆ, ಆದರೆ ಕೆಲವೇ ನ್ಯಾನೊಮೀಟರ್ ದಪ್ಪ. ಬಿಸಿನೀರು ಅದನ್ನು ದಪ್ಪಗಾಗಿಸುತ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ) ಸುಮಾರು 4ರಿಂದ 8.5ರ ನಡುವೆ ಅದು ಗಟ್ಟಿ. ಕುದಿಯುವ ಮಾಲ್ಟ್ ರಸದ ಪಿಎಚ್ 5.2ರ ಆಸುಪಾಸು, ಆದ್ದರಿಂದ ಒಂದು ಗಂಟೆ ಕುದಿಸಿದರೂ ಭಯವಿಲ್ಲ. ಹುದುಗಿದ ಮೇಲೆ ಮಾತು ಬೇರೆ: ಪಿಎಚ್ 4ರ ಹತ್ತಿರಕ್ಕೆ ಇಳಿಯುತ್ತದೆ, ಅದೂ ವಾರಗಟ್ಟಲೆ ಕೂತಿರುತ್ತದೆ. ಹುದುಗಿಸುವುದಕ್ಕೆ ಗಾಜಿನ ಜಾಡಿಯೋ ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟ್ಟೋ ಇರಲಿ.

ಪಾತ್ರೆ ಹಾಳಾಗುವುದು ಹೆಚ್ಚಾಗಿ ಕುದಿಸುವಾಗಲ್ಲ, ತೊಳೆಯುವಾಗ. ವಾಷಿಂಗ್ ಸೋಡಾ, ಪರ್‌ಕಾರ್ಬೊನೇಟ್ ಪುಡಿಗಳು ಕ್ಷಾರ; ಪದರವನ್ನು ತಿಂದುಬಿಡುತ್ತವೆ. ಕಾಸ್ಟಿಕ್ ಸೋಡಾ ಲೋಹವನ್ನೇ ಕರಗಿಸಿ ಬುಸಬುಸನೆ ಹೈಡ್ರೋಜನ್ ಎಬ್ಬಿಸುತ್ತದೆ. ಬ್ಲೀಚ್ ಹಾಕಿದರೆ ಸಣ್ಣ ಗುಂಡಿ ಬೀಳುತ್ತವೆ. ಸ್ಟೀಲ್ ಸ್ಕ್ರಬ್ಬರಿನಿಂದ ಉಜ್ಜಿ ಹೊಳಪು ಬರಿಸಿದ್ದರೆ ಮತ್ತೆ ನೀರು ಕುದಿಸುವುದೇ ಮದ್ದು. ತಳ ಹಿಡಿದಿದ್ದರೆ ಬಿಸಿನೀರಲ್ಲಿ ರಾತ್ರಿಯಿಡೀ ನೆನೆಹಾಕಿ, ಮರದ ಸೌಟಿನಿಂದ ಕೆರೆಯಿರಿ.

ಹಿತ್ತಾಳೆ ನಲ್ಲಿ ಕೂರಿಸಿದ್ದರೆ ಅದರ ಸುತ್ತ ತೇವ ಉಳಿಯಬಾರದು: ಎರಡು ಲೋಹ ತಾಗಿದಲ್ಲಿ ಸವೆಯುವುದು ಅಲ್ಯೂಮಿನಿಯಮ್ಮೇ. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಿ, ಬೋರಲು ಹಾಕಿಡಿ.