25 ಪದಗಳ ಕ್ಷೇಮ ಸಮಾಚಾರ

ಎರಡನೇ ಮಹಾಯುದ್ಧದಲ್ಲಿ ದೂರವಾದ ಮನೆಯವರು ಒಬ್ಬರಿಗೊಬ್ಬರು ಸುದ್ದಿ ಕಳಿಸುತ್ತಿದ್ದ ರೆಡ್ ಕ್ರಾಸ್ ಫಾರಂನಲ್ಲಿ 25 ಪದ ಬರೆಯಬಹುದಿತ್ತು. ಅದೂ ಬರೀ ಮನೆಯ ಸುದ್ದಿ. ಯುದ್ಧದ ಮಾತು ಬರುವಂತಿಲ್ಲ, ಇರುವ ಜಾಗದ ಕಷ್ಟ ಹೇಳುವಂತಿಲ್ಲ. ಫಾರಂ ಜಿನೀವಾಕ್ಕೆ ಹೋಗಿ, ಸೆನ್ಸಾರ್‌ನವರ ಕೈದಾಟಿ, ತಿಂಗಳುಗಳ ನಂತರ ತಲುಪುತ್ತಿತ್ತು. ಉತ್ತರವನ್ನು ಅದೇ ಹಾಳೆಯ ಹಿಂಬದಿಯಲ್ಲಿ ಬರೆಯಬೇಕು, ಅದೂ 25 ಪದದೊಳಗೆ. ಯುದ್ಧದ ಕಾಲದಲ್ಲಿ ಹೀಗೆ ಸುಮಾರು 2.4 ಕೋಟಿ ಸಂದೇಶಗಳು ಓಡಾಡಿದವು. ಉಭಯ ಕುಶಲೋಪರಿ ಬರೆಯೋಕೇ ಸಾಲದಷ್ಟು ಜಾಗ ಅದು. ಅಷ್ಟರಲ್ಲೇ ಅಪ್ಪ ಅಮ್ಮಂದಿರು ಮಕ್ಕಳನ್ನು ಬೆಳೆಸಬೇಕಿತ್ತು.

ಬೆಳೆಸುವುದು ಅಂತ ಸುಮ್ನೆ ಹೇಳಿದ್ದಲ್ಲ. ಯುದ್ಧಕ್ಕೆ ಮೊದಲು ಸುಮಾರು 10,000 ಮಕ್ಕಳು, ಹೆಚ್ಚಿನವರು ಯಹೂದಿಗಳು, ನಾಜಿಗಳಿಂದ ತಪ್ಪಿಸಿಕೊಳ್ಳಲು ಹೆತ್ತವರನ್ನು ಬಿಟ್ಟು ಬ್ರಿಟನ್ ಸೇರಿದ್ದರು. ಅವರಲ್ಲಿ ಕೆಲವರ ಅಪ್ಪ ಅಮ್ಮ ಆಮೇಲೆ ಫ್ರಾನ್ಸಿನ ಶಿಬಿರಗಳಲ್ಲಿ ಬಂದಿಗಳಾದರು.

1940ರ ಅಕ್ಟೋಬರ್ 22ರಂದು ನೈಋತ್ಯ ಜರ್ಮನಿಯ ಬಾಡೆನ್ ಮತ್ತು ಅಕ್ಕಪಕ್ಕದ ಪ್ರದೇಶಗಳಿಂದ ಸುಮಾರು 6,500 ಯಹೂದಿಗಳನ್ನು ನಾಜಿಗಳು ಹಿಡಿದು ರೈಲು ಹತ್ತಿಸಿದರು. ಒಬ್ಬರಿಗೆ 50 ಕಿಲೋ ಸಾಮಾನು, 100 ಮಾರ್ಕ್ ಹಣ, ಅಷ್ಟೇ. ವೃದ್ಧಾಶ್ರಮದಲ್ಲಿದ್ದ ಮುದುಕರನ್ನೂ ಬಿಡಲಿಲ್ಲ. ರೈಲು ನಿಂತದ್ದು ಫ್ರಾನ್ಸಿನ ದಕ್ಷಿಣದ ಪೈರಿನೀಸ್ ಬೆಟ್ಟಗಳ ಬುಡದಲ್ಲಿ. ಅಲ್ಲಿಂದ ಗುರ್ಸ್ ಶಿಬಿರಕ್ಕೆ. ಸ್ಪೇನಿನ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ ಫ್ರಾನ್ಸ್ 1939ರಲ್ಲಿ ಗಡಿಬಿಡಿಯಲ್ಲಿ ಕಟ್ಟಿದ ಮರದ ಶೆಡ್ಡುಗಳು ಅವು. ಕಿಟಕಿಗೆ ಗಾಜಿಲ್ಲ, ಮಲಗಲು ಹುಲ್ಲು ತುಂಬಿದ ಚೀಲ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ, ನಡುವೆ ಮುಳ್ಳುತಂತಿ. ಮಳೆ ಬಂದರೆ ಕಾಲು ಹೂತುಹೋಗುವ ಜೇಡಿ ಕೆಸರು. ಆ ಮೊದಲ ಚಳಿಗಾಲದಲ್ಲೇ ನೂರಾರು ಜನ ರೋಗ, ಹಸಿವಿನಿಂದ ಸತ್ತರು.

ಗುರ್ಸ್‌ನಿಂದ ಸ್ವಿಟ್ಜರ್ಲೆಂಡಿಗೆ, ಅಮೆರಿಕಕ್ಕೆ ಮಾಮೂಲಿ ಕಾಗದವನ್ನೇ ಹಾಕಬಹುದಿತ್ತು. ಆ ಕಾಗದಗಳು ಮೊದಲ ನೋಟಕ್ಕೆ ಸಾಮಾನಿನ ಪಟ್ಟಿಯಂತೆ ಕಾಣುತ್ತವೆ. ಸಾಬೂನು, ಕಾಲುಚೀಲ, ಡಬ್ಬಿ ಹಾಲು, ಔಷಧಿ. ಅದರ ಜೊತೆಗೇ ಇನ್ನೊಂದು ಬೇಡಿಕೆ: ಅಫಿಡವಿಟ್. ಇವರ ಖರ್ಚು ನಾನು ನೋಡಿಕೊಳ್ಳುತ್ತೇನೆ ಅಂತ ಅಮೆರಿಕದ ನೆಂಟರೊಬ್ಬರು ಬರೆದುಕೊಡಬೇಕು. ಆಮೇಲೆ ವೀಸಾ. ಆಮೇಲೆ ಫ್ರಾನ್ಸ್ ಬಿಡುವ ಪರವಾನಗಿ, ಹಡಗಿನ ಟಿಕೆಟ್. ಒಂದು ಕಾಗದ ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. 1941ರ ಬೇಸಿಗೆಯಲ್ಲಿ ಅಮೆರಿಕ ವೀಸಾ ನಿಯಮಗಳನ್ನು ಇನ್ನೂ ಬಿಗಿ ಮಾಡಿತು. ಈ ಪತ್ರಗಳಿಗೆ ಜೀವ ಉಳಿಸುವ ಕೆಲಸವಿತ್ತು. ಅದಕ್ಕೇ ನಾನು ಇವನ್ನು ನೆನಪಿನ ಕಾಣಿಕೆಗಳು ಅನ್ನೋಕೆ ಒಪ್ಪುವುದಿಲ್ಲ. ಇವು ಅರ್ಜಿಗಳು. ಹೆಚ್ಚಿನವು ಮಂಜೂರಾಗಲಿಲ್ಲ.

1942ರ ಆಗಸ್ಟ್‌ನಲ್ಲಿ ಗುರ್ಸ್‌ನಿಂದ ರೈಲುಗಳು ಹೊರಟವು. ಮೊದಲು ಪ್ಯಾರಿಸ್ ಪಕ್ಕದ ದ್ರಾನ್ಸಿಗೆ, ಅಲ್ಲಿಂದ ನಾಜಿಗಳ ಕೊಲೆಶಿಬಿರ ಆಶ್ವಿಟ್ಜ್‌ಗೆ. ದ್ರಾನ್ಸಿ ಅಂದರೆ ಪೂರ್ತಿಯಾಗದ ಒಂದು ವಸತಿ ಸಮುಚ್ಚಯ. ಎಲ್ಲಿಗೆ ಕರೆದೊಯ್ಯುತ್ತಾರೆ ಅನ್ನುವುದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲ. ಆ ಗೊತ್ತಿಲ್ಲದ ಊರಿಗೆ ‘ಪಿಚಿಪೊಯ್’ ಅಂತ ಹೆಸರಿಟ್ಟುಕೊಂಡಿದ್ದರು. ಯಿದ್ದಿಶ್‌ನಲ್ಲಿ ಎಲ್ಲೂ ಇಲ್ಲದ ಊರಿನ ಹೆಸರು ಅದು. ಹೊರಟವರು ಚೀಟಿ ಗೀಚಿ ರೈಲಿನಿಂದ ಹಳಿಯ ಪಕ್ಕ ಎಸೆಯುತ್ತಿದ್ದರು. ಅವು ಸಿಕ್ಕ ರೈಲ್ವೆ ಕೆಲಸಗಾರರು, ದಾರಿಹೋಕರು ಎಷ್ಟೋ ಚೀಟಿಗಳನ್ನು ವಿಳಾಸಕ್ಕೆ ಮುಟ್ಟಿಸಿದರು. ಅಪಾಯ ಇತ್ತು, ಆದರೂ ಮುಟ್ಟಿಸಿದರು. ನೆದರ್‌ಲ್ಯಾಂಡ್ಸ್‌ನಲ್ಲೂ ಹೀಗೇ ಆಯಿತು. 1943ರ ಸೆಪ್ಟೆಂಬರ್ 7ರಂದು ವೆಸ್ಟರ್‌ಬೋರ್ಕ್ ಶಿಬಿರದಿಂದ ಹೊರಟ ಯಹೂದಿ ಲೇಖಕಿ ಎಟಿ ಹಿಲೆಸಮ್ ರೈಲಿನಿಂದ ಒಂದು ಪೋಸ್ಟ್‌ಕಾರ್ಡ್ ಎಸೆದರು. ಹಾಡುತ್ತಾ ಶಿಬಿರ ಬಿಟ್ಟೆವು ಅಂತ ಅದರಲ್ಲಿತ್ತು. ರೈತರಿಗೆ ಸಿಕ್ಕಿತು, ಅವರು ಅಂಚೆಗೆ ಹಾಕಿದರು.

ಇದಕ್ಕಿಂತ ಕರುಳು ಹಿಂಡುವ ಕಾರ್ಡುಗಳೂ ಇವೆ. ನಾಜಿಗಳು ಕೈದಿಗಳಿಂದ ಒತ್ತಾಯ ಮಾಡಿ ಬರೆಸಿದಂಥವು. ಥೆರೇಸಿಯನ್‌ಸ್ಟಾಟ್ ಅನ್ನುವ ಇನ್ನೊಂದು ನಾಜಿ ಶಿಬಿರದಿಂದ ಬಂದ ಯಹೂದಿ ಕುಟುಂಬಗಳನ್ನು ಆಶ್ವಿಟ್ಜ್‌ನ ಭಾಗವಾದ ಬಿರ್ಕೆನೌನಲ್ಲಿ ಬೇರೆಯಾಗಿ ಇಟ್ಟಿದ್ದರು. 1944ರ ಮಾರ್ಚ್ ಮೊದಲ ವಾರ ಅವರಿಗೆ ಕಾರ್ಡ್ ಹಂಚಿ, ಚೆನ್ನಾಗಿದ್ದೇವೆ ಅಂತ ಬರೆಯಿರಿ, ತಾರೀಕು ಮಾತ್ರ ಮಾರ್ಚ್ 25 ಅಂತ ಹಾಕಿ ಅಂದರು. ಮಾರ್ಚ್ 8ರ ರಾತ್ರಿ, ಬರೆದವರಲ್ಲಿ ಸುಮಾರು 3,800 ಜನರನ್ನು ವಿಷಾನಿಲದ ಕೋಣೆಗಳಲ್ಲಿ ಕೊಂದರು. ಕಾರ್ಡಿನ ಮೇಲಿದ್ದ ತಾರೀಕು ಬರುವ ಮೊದಲೇ ಅದನ್ನು ಬರೆದ ಕೈ ಇರಲಿಲ್ಲ.

ಕೆಲವರು ಆ ಸುಳ್ಳಿನೊಳಗೇ ಒಂದು ಸಂದು ಹುಡುಕಿದ್ದರು. ಹಸಿವು, ಸಾವು ಅನ್ನುವ ಹೀಬ್ರೂ ಪದಗಳನ್ನು ಯಾರೋ ಪರಿಚಯದವರ ಹೆಸರಿನಂತೆ ಸೇರಿಸಿ, ಅವರೂ ನಮ್ಮ ಜೊತೆಗಿದ್ದಾರೆ ಅನ್ನುವ ಹಾಗೆ ಬರೆದರು. ಸೆನ್ಸಾರ್‌ನವರಿಗೆ ಅದು ನೆಂಟರ ಸುದ್ದಿ. ಹೀಬ್ರೂ ಬಲ್ಲವರಿಗೆ ನಿಜವಾದ ಸುದ್ದಿ. ಹಾಗಾಗಿ ಶಿಬಿರದ ಪತ್ರದಲ್ಲಿ ಗೋಳು ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿ ಬದುಕು ಸಹಿಸುವಂತಿತ್ತು ಅಂತ ಓದಬಾರದು. ಯಾರ ಕಣ್ಣು ತಪ್ಪಿಸಿ ಬರೆದದ್ದು, ಎಷ್ಟು ಪದಕ್ಕೆ ಅವಕಾಶ ಇತ್ತು, ಓದುವ ಮಗುವಿಗೆ ಎಷ್ಟು ವಯಸ್ಸು ಅಂತ ಮೊದಲು ಕೇಳಬೇಕು, ಅಲ್ವಾ?

ಯುದ್ಧ ಮುಗಿದ ಮೇಲೆ ಎಷ್ಟೋ ಮನೆಗಳಲ್ಲಿ ಈ ಕಾಗದಗಳು ಡಬ್ಬಿ, ಸೂಟ್‌ಕೇಸ್‌ಗಳಲ್ಲಿ ದಶಕಗಳ ಕಾಲ ಮಲಗಿದ್ದವು. ಈಗ ಬಹಳಷ್ಟು ಆ ನರಮೇಧವನ್ನು ನೆನಪಿಡುವ ಸಂಸ್ಥೆಗಳಾದ ಜೆರುಸಲೇಮಿನ ಯಾದ್ ವಾಶೆಮ್, ಪ್ಯಾರಿಸ್‌ನ ಶೋವಾ ಸ್ಮಾರಕ, ವಾಷಿಂಗ್ಟನ್‌ನ ಮ್ಯೂಸಿಯಂ ಸೇರಿವೆ. ತೆಗೆದು ಓದಲು ತಡವಾದದ್ದು ನೋವಿನಿಂದ ಮಾತ್ರ ಅಲ್ಲ. ಬೇರೆ ದೇಶದಲ್ಲಿ, ಬೇರೆ ಮಾತಿನಲ್ಲಿ ಬೆಳೆದ ಎಷ್ಟೋ ಮಕ್ಕಳು ಜರ್ಮನ್ ಮರೆತುಬಿಟ್ಟಿದ್ದರು. ಅಮ್ಮ ಬರೆದ 25 ಪದ ಓದೋಕೆ ಅವರಿಗೆ ಅನುವಾದಕರು ಬೇಕಾದರು.