ಖಾರವನ್ನು ಬೈಬೇಡಿ, ಐಸನ್ನು ನೋಡಿ

ಬಾಲಿಗೆ ಹೊರಟವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: "ಅಲ್ಲಿ ಖಾರ ಜಾಸ್ತಿ ತಿನ್ಬೇಡಿ, ಹೊಟ್ಟೆ ಕೆಡುತ್ತೆ." ಗುಂಟೂರು ಮೆಣಸಿನಕಾಯಿ ಅರಗಿಸಿಕೊಂಡವರಿಗೆ ಈ ಮಾತು! ಬಾಲಿಯ ಸಾಂಬಲ್ ಮತಾಹ್ ಎಂಬ ಚಟ್ನಿಯನ್ನೇ ನೋಡಿ. ಸಣ್ಣ ಈರುಳ್ಳಿ, ಮಜ್ಜಿಗೆ ಹುಲ್ಲು, ಮೆಣಸಿನಕಾಯಿ ಎಲ್ಲವನ್ನೂ ಹಸಿಯಾಗಿಯೇ ಹೆಚ್ಚಿ ಕಲಸುತ್ತಾರೆ. ತೊಂದರೆ ಬಂದರೆ ಅದು ಖಾರದಿಂದಲ್ಲ, ಹಸಿಯಾಗಿರುವುದರಿಂದ. ತೊಳೆದ ನೀರು ಎಂಥದ್ದೋ, ಹೆಚ್ಚಿದ ಕೈ ಎಂಥದ್ದೋ. ಕಣ್ಣೆದುರೇ ಕೆಂಡದ ಮೇಲೆ ಚೆನ್ನಾಗಿ ಬೆಂದ ಸಾಟೆಯನ್ನು (ಕಡ್ಡಿಗೆ ಚುಚ್ಚಿದ ಮಾಂಸದ ತುಂಡುಗಳು) ಬಿಸಿಬಿಸಿ ತಿನ್ನಿ, ಎಷ್ಟು ಖಾರವಿದ್ದರೂ ಸರಿ.

ಐಸಿನ ತಂಪಿಗೆ ಕ್ರಿಮಿಗಳು ಸಾಯುತ್ತವೆ ಎಂಬುದು ಇನ್ನೊಂದು ನಂಬಿಕೆ. ಲ್ಯಾಬಿನವರು ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದೇ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ! ಐಸ್ ಹಾಕಿದ ಪೆಗ್ಗೂ ಕಾಪಾಡುವುದಿಲ್ಲ. ಕುದಿಸಿದ ನೀರು, ಸೀಲ್ ಒಡೆಯದ ಬಾಟಲಿ, ಸೋಪಿನಲ್ಲಿ ತೊಳೆದ ಕೈ, ಇವಿಷ್ಟನ್ನು ನಂಬಬಹುದು.

ಪ್ರವಾಸಿಗರ ಬೇಧಿಗೆ ಮುಖ್ಯ ಕಾರಣ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಒಂದು ತಳಿ. ಇದು ಕರುಳನ್ನು ಕೊರೆಯುವುದಿಲ್ಲ, ಗಾಯ ಮಾಡುವುದಿಲ್ಲ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ವಿಷ ಬಿಡುತ್ತದೆ, ಅಷ್ಟೇ. ಆ ವಿಷದಿಂದ ಗೋಡೆಯ ಕೋಶಗಳಲ್ಲಿ ಕ್ಲೋರೈಡ್ ಹೊರಬಿಡುವ ಬಾಗಿಲು ತೆರೆದುಕೊಂಡೇ ಇರುತ್ತದೆ. ಉಪ್ಪಿನಂಶ ಕರುಳಿಗೆ ಸುರಿಯುತ್ತದೆ, ನೀರು ಅದರ ಹಿಂದೆಯೇ. ಉಪ್ಪಿನಕಾಯಿಗೆಂದು ಉಪ್ಪು ಬೆರೆಸಿಟ್ಟ ಮಾವಿನ ಹೋಳು ಮಾರನೆಯ ದಿನ ನೀರು ಬಿಟ್ಟಿರುತ್ತದಲ್ಲ, ಅದೇ ಲೆಕ್ಕ. ಹಾಗೆ ಹೋಗುವ ನೀರು ನಿಮ್ಮ ರಕ್ತದಿಂದ ಬಂದದ್ದು. "ಬೇಧಿ ಆದಾಗ ನೀರು ಕುಡಿಯಬೇಡ" ಎನ್ನುವ ಹಿರಿಯರು ಎಷ್ಟು ಅಪಾಯದ ಮಾತು ಹೇಳುತ್ತಿದ್ದಾರೆ ನೋಡಿ.

ಕಾಲರಾ ವಿಷದ್ದೂ ಇದೇ ಕೆಲಸ. ಅಂಥ ವಿಷವಿದೆ ಎಂದು ತೋರಿಸಿದವರು ಕಲ್ಕತ್ತೆಯ ವಿಜ್ಞಾನಿ ಶಂಭುನಾಥ್ ಡೇ. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಅವರು ಸೋಸಿದರು. ಒಂದೂ ಜೀವಾಣು ಇಲ್ಲದ ಆ ದ್ರವವನ್ನು ಮೊಲದ ಕರುಳಿಗೆ ಹಾಕಿದರೂ ಕರುಳು ನೀರು ತುಂಬಿ ಊದಿಕೊಂಡಿತು. ಇದು 1959ರ ಮಾತು. ನೊಬೆಲ್ ಬರಲಿಲ್ಲ ಎಂಬುದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ.

ಖುಷಿಯ ವಿಷಯ ಏನೆಂದರೆ, ವಿಷ ಮುಟ್ಟದ ಇನ್ನೊಂದು ಬಾಗಿಲಿದೆ. ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಅದು ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಹಿಂದೆಯೇ ನೀರೂ ಒಳಗೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹರಡಿ ಡ್ರಿಪ್ ಬಾಟಲಿ ಸಾಲದೆ ಹೋದಾಗ ಡಾಕ್ಟರ್ ದಿಲೀಪ್ ಮಹಲನಬಿಸ್ ಇದನ್ನೇ ನಂಬಿದರು. ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಿಂದ ಹಂಚಿದರು. ಶೇ. 30ರ ಆಸುಪಾಸಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು.

ಅದಕ್ಕೇ ಬ್ಯಾಗಿನಲ್ಲಿ ಓಆರ್‌ಎಸ್, ಅಂದರೆ ನೀರಿಗೆ ಬೆರೆಸುವ ಉಪ್ಪು-ಗ್ಲೂಕೋಸ್ ಪುಡಿ, ಇರಲಿ. ಒಂದು ಲೀಟರಿನ ಪೊಟ್ಟಣಕ್ಕೆ ಒಂದು ಲೀಟರ್ ಶುದ್ಧ ನೀರೇ ಬೇಕು. ರುಚಿಗೆಂದು ಸಕ್ಕರೆ ಸೇರಿಸಿದರೆ ಅದೇ ಕರುಳಿಗೆ ಮತ್ತೆ ನೀರೆಳೆಯುತ್ತದೆ. ಕೋಲಾದ ಕಥೆಯೂ ಅಷ್ಟೇ. ಓಆರ್‌ಎಸ್ ಕುಡಿದ ಕೂಡಲೇ ಬೇಧಿ ನಿಲ್ಲುವುದಿಲ್ಲ, ಹೋದ ನೀರು ತುಂಬಿಕೊಳ್ಳುತ್ತದೆ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ ಬೇಧಿ ನಿಲ್ಲಿಸುವ ಮಾತ್ರೆ ನುಂಗದೆ ಡಾಕ್ಟರ ಹತ್ತಿರ ಹೋಗಿ.